ಬಸಿದ ನೀರು

ಆ ಶನಿವಾರ ನಾನು ಹೇಳಿದ ಮಾತು ಹೆಚ್ಚುಕಡಿಮೆ ಇಷ್ಟು: "ಸೊಪ್ಪು ಸಣ್ಣಗೆ ಹೆಚ್ಚರಿ, ದೊಡ್ಡ ಪಾತ್ರೆಯೊಳಗ ತುಂಬ ನೀರಿಟ್ಟು ಕುದಸ್ರಿ, ನೀರು ಬಸೀರಿ, ಆಮ್ಯಾಲೆ ಪಲ್ಯ ಮಾಡ್ರಿ." ಆಮೇಲೆ ಎಷ್ಟೋ ಸಲ ಇದನ್ನು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಇದರಲ್ಲಿ ತಪ್ಪು ಪದ ಒಂದೂ ಇಲ್ಲ.

ಏಪ್ರಿಲ್ ಕೊನೆಯ ವಾರ. ಮೆಲ್ಬರ್ನಿನ ವೆರಿಬೀಯಲ್ಲಿ ಕನ್ನಡದವರ ಸಣ್ಣ ಗುಂಪೊಂದು, ಜೂನಿಗೆ ಶುರುವಾಗುವ ಅಲ್ಲಿನ ಚಳಿಗಾಲಕ್ಕೆ ಮುಂಚೆ ಫ್ಲೂ ಬಗ್ಗೆ ಒಂದು ಮಧ್ಯಾಹ್ನದ ಕಾರ್ಯಕ್ರಮ ಇಟ್ಟುಕೊಂಡಿತ್ತು. ಲಸಿಕೆಯ ಬಗ್ಗೆ ಅಲ್ಲಿನ ಒಬ್ಬ ಫ್ಯಾಮಿಲಿ ಡಾಕ್ಟರು, ಆಹಾರದ ಬಗ್ಗೆ ನಾನು. ನಾನಿರುವುದು ಸಿಡ್ನಿಯ ಲಿವರ್‌ಪೂಲ್ ಕಡೆ, ಕಿಡ್ನಿ ರೋಗಿಗಳಿಗೆ ಡಯಟಿಷಿಯನ್. ಕನ್ನಡದಲ್ಲಿ ಹೇಳುವವರು ಬೇಕು ಎಂದು ಕರೆದರು, ಬೆಳಗಿನ ವಿಮಾನದಲ್ಲಿ ಹೋದೆ.

ಹೇಳಿದ್ದು ಸಾಧಾರಣ ವಿಷಯವೇ. ಯಾವ ಸೊಪ್ಪೂ ಯಾವ ಕಷಾಯವೂ ವೈರಸ್ಸನ್ನು ಬಾಗಿಲಲ್ಲೇ ತಡೆಯುವುದಿಲ್ಲ, ಲಸಿಕೆಯ ಜಾಗಕ್ಕೆ ಅಡುಗೆಮನೆಯ ಯಾವ ವಸ್ತುವೂ ಬರುವುದಿಲ್ಲ. ಆದರೆ ದೇಹ ಜ್ವರದ ಜೊತೆ ಗುದ್ದಾಡುವಾಗ ಅದಕ್ಕೆ ಬೇಕಾದ ಪ್ರೋಟೀನು, ವಿಟಮಿನ್ನು, ಸತು ಇವೆಲ್ಲ ಕಾಳು, ಸೊಪ್ಪು, ತರಕಾರಿಗಳಿಂದಲೇ ಸಿಗಬಹುದು. ಅದಕ್ಕೆ ದುಬಾರಿ ಪುಡಿಡಬ್ಬಿ ಬೇಕಿಲ್ಲ. ನುಗ್ಗೆ ಸೊಪ್ಪು, ದಂಟು, ಪಾಲಕ್, ಮೊಳಕೆ ಕಟ್ಟಿದ ಹೆಸರು, ಇವುಗಳ ಚಿತ್ರ ತೋರಿಸಿದೆ. ಕೊನೆಯ ಸ್ಲೈಡಿನಲ್ಲಿ, ಕಿಡ್ನಿ ತೊಂದರೆ ಇದ್ದವರು ತಮ್ಮ ವೈದ್ಯರನ್ನು ಕೇಳದೆ ಯಾವುದನ್ನೂ ಹೆಚ್ಚಿಸಬಾರದು ಎಂದು ಬರೆದಿದ್ದೆ. ಓದಿಯೂ ಹೇಳಿದೆ.

ಚಹಾ ಕೊಡುವಾಗ ಒಬ್ಬಾಕೆ ನೋಟ್‌ಬುಕ್ ಹಿಡಿದು ಬಂದರು. ಮಂಡ್ಯದ ಕಡೆಯವರು, ನಲವತ್ತರ ಆಸುಪಾಸು, ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಗಂಡ ಹಿಂದೆ ನಿಂತಿದ್ದರು, ಎಡತೋಳಿನ ಮೇಲೆ ಡಯಾಲಿಸಿಸ್ ಸೂಜಿಯ ಗುರುತು.

"ಮೇಡಂ, ಒಂದು ಡೌಟು. ಇವರಿಗೆ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಸೊಪ್ಪು ಕೊಡಬಹುದಾ?"

"ನಿಮ್ಮ ಆಸ್ಪತ್ರೆ ಡಯಟಿಷಿಯನ್ ಏನಂತಾರ?"

"ಸ್ಪಿನಾಚ್ ಅವಾಯ್ಡ್ ಮಾಡಿ ಅಂತಾರೆ. ನಮ್ಮ ಸೊಪ್ಪೆಲ್ಲ ಅವರಿಗೆಲ್ಲಿ ಗೊತ್ತು? ಎಲ್ಲಾನೂ ಸ್ಪಿನಾಚೇ."

ಗಂಡ ನಕ್ಕರು. "ಮೇಡಂ, ಬೇಡ ಅಂದ್ಬಿಡಿ. ನನ್ನನ್ನ ಹಸು ಮಾಡ್ತಾವ್ಳೆ. ಹಾಲು ಕರೆಯೋದೊಂದೇ ಬಾಕಿ."

"ಸುಮ್ನಿರ್ರೀ. ಕಿಡ್ನಿ ನಂದು ಹೋಗೋದು, ಮಾತು ನಿಮ್ದು."

ಆಕೆ ವಿವರಿಸಿದರು. ಗಂಡನಿಗೆ ಕಿಡ್ನಿ ಕೊಡುವವರು ಆಕೆಯೇ. ಹೊಂದಾಣಿಕೆಯ ಪರೀಕ್ಷೆಗಳು ಮುಗಿಯುತ್ತ ಬಂದಿದ್ದವು. ಚಳಿಗಾಲವನ್ನು ಸೋಂಕಿಲ್ಲದೆ ದಾಟಿದರೆ ಸೆಪ್ಟೆಂಬರಿನಲ್ಲಿ ಆಪರೇಷನ್. ಇಬ್ಬರೂ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರು. ಇನ್ನು ಐದು ತಿಂಗಳು ಗಂಡನನ್ನು ಗಟ್ಟಿಯಾಗಿ ಇಟ್ಟುಕೊಳ್ಳಬೇಕು, ಅಷ್ಟೇ ಆಕೆಯ ಪ್ರಶ್ನೆ.

ಅವರು ನನ್ನ ರೋಗಿಯಲ್ಲ. ಅವರ ರಕ್ತಪರೀಕ್ಷೆ ನಾನು ನೋಡಿರಲಿಲ್ಲ. ನಿಮ್ಮ ಆಸ್ಪತ್ರೆಯಲ್ಲೇ ಕೇಳಿ ಎಂದು ನಿಲ್ಲಿಸಬೇಕಿತ್ತು. ಆದರೆ ನಮ್ಮ ಸೊಪ್ಪೆಲ್ಲ ಅವರಿಗೆಲ್ಲಿ ಗೊತ್ತು ಎಂದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು, ನನಗೆ ಗೊತ್ತಲ್ಲ ಎಂದು. ಆಗ ಹೇಳಿದ್ದು ಆ ಮಾತು. ವಿಷಯ ಸರಳ: ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ಎಂಬ ಲವಣ ರಕ್ತದಲ್ಲಿ ಕೂಡುತ್ತ ಹೋಗುತ್ತದೆ, ಮಿತಿ ಮೀರಿದರೆ ಹೃದಯದ ಬಡಿತ ಕೆಡುತ್ತದೆ. ಸೊಪ್ಪಿನಲ್ಲಿ ಅದು ಹೇರಳ. ಹೆಚ್ಚಿ ಕುದಿಸಿದರೆ ಒಳ್ಳೆಯ ಪಾಲು ನೀರಿಗೆ ಇಳಿಯುತ್ತದೆ. ಹಾಗೆ ಬಸಿದ ಸೊಪ್ಪನ್ನು ಸ್ವಲ್ಪ ತಿನ್ನಬಹುದು. ಇಷ್ಟೂ ಕಾರಣವನ್ನು ಆಕೆಗೆ ಹೇಳಿದೆನೇ? ಹೇಳಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ವಿಧಾನ ಮಾತ್ರ ಹೇಳಿದೆ.

ಆಕೆ ಒಂದೊಂದು ಹಂತಕ್ಕೂ ನಂಬರ್ ಹಾಕಿ ಬರೆದುಕೊಂಡರು.

"ನೀವು ಹೇಳಿದ್ದನ್ನ ಅಕ್ಷರ ತಪ್ಪದೆ ಮಾಡ್ತಾಳೆ ಮೇಡಂ," ಎಂದರು ಗಂಡ. "ಆಫೀಸಲ್ಲೂ ಹಂಗೇ. ಅದಿರ್ಲಿ, ನಿಮ್ಮ ಕನ್ನಡ ಕೇಳ್ತಿದ್ರೆ ಯಾರೋ ಖಡಕ್ ರೊಟ್ಟಿ ಮುರೀತಿದ್ದಂಗೆ. ಧಾರವಾಡದವರಾ?"

ಹೌದೆಂದೆ. ನನ್ನ ಫೋನ್ ನಂಬರ್ ಕೊಟ್ಟು ಬಂದೆ.

ಮೇ ತಿಂಗಳಲ್ಲಿ ಆಕೆಯ ಮೆಸೇಜ್ ಬಂತು. ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿದೆ, ಯಾಕೆ? ಎರಡು ಡಯಾಲಿಸಿಸ್ ನಡುವೆ ತೂಕವೂ ಜಾಸ್ತಿ ಬರುತ್ತಿದೆ, ನೀರು ಹೆಚ್ಚು ಕುಡಿಯುತ್ತಿದ್ದೀರಾ ಎಂದು ನರ್ಸ್ ಗದರಿದ್ದಾರೆ. ನಾನು ಫೋನ್ ಮಾಡಿದೆ. ಬಾಳೆಹಣ್ಣು, ಎಳನೀರು, ಟೊಮೆಟೊ, ಆಲೂಗಡ್ಡೆ, ಒಂದೊಂದೇ ಕೇಳಿದೆ. ಯಾವುದೂ ಇಲ್ಲ. ಸೊಪ್ಪು?

"ನೀವು ಹೇಳಿದ ಹಾಗೇ ಮೇಡಂ. ಕುದಿಸಿ, ಬಸಿದು."

"ಎಷ್ಟು ಕೊಡ್ತೀರಿ?"

"ಎರಡು ಚಮಚ ಪಲ್ಯ. ಅಷ್ಟೇ."

ಅದು ಸರಿಯಾಗಿಯೇ ಇತ್ತು. ಹಾಗಾದರೆ ರೋಗಿಯೇ ಎಲ್ಲೋ ಕದ್ದು ತಿನ್ನುತ್ತಿರಬೇಕು. ಈ ಕೆಲಸದಲ್ಲಿ ಮೊದಲು ಹೊಳೆಯುವುದೇ ಅದು. ಆಕೆಗೂ ಹಾಗೆಯೇ ಹೇಳಿದೆ. ಹಿಂದಿನಿಂದ ಗಂಡನ ದನಿ ಕೇಳಿಸಿತು: "ನನ್ನ ಮೇಲೆ ಸಿಸಿ ಕ್ಯಾಮೆರಾ ಹಾಕ್ಸಿ ಇಬ್ರೂ ಸೇರ್ಕೊಂಡು."

ಜೂನ್ ಎರಡನೆಯ ವಾರ, ಲಸಿಕೆ ಹಾಕಿಸಿಕೊಂಡಿದ್ದರೂ, ಗಂಡನಿಗೆ ಫ್ಲೂ ಬಂತು. ಶುಕ್ರವಾರ ಜ್ವರದಲ್ಲೇ ಡಯಾಲಿಸಿಸ್‌ಗೆ ಹೋದರು. ಬಿ.ಪಿ. ಇಳಿದದ್ದರಿಂದ ಅರ್ಧದಲ್ಲೇ ಮುಗಿಸಿ, ಮನೆಗೆ ಕಳಿಸಿ, ಮತ್ತೆ ಸೋಮವಾರ ಬರಲು ಹೇಳಿದರು. ಡಯಾಲಿಸಿಸ್ ರೋಗಿಗಳಿಗೆ ವಾರದಲ್ಲಿ ಆ ಎರಡು ದಿನಗಳ ಅಂತರವೇ ಅಪಾಯದ್ದು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲು ಕಾಲು ಮೇಲೆತ್ತಲಾಗಲಿಲ್ಲ. ಆಂಬುಲೆನ್ಸಿನಲ್ಲೇ ಇಸಿಜಿ ಕೆಟ್ಟಿತ್ತು. ಪೊಟ್ಯಾಸಿಯಂ ವಿಪರೀತ ಏರಿತ್ತು; ಆಸ್ಪತ್ರೆಯಲ್ಲಿ ತುರ್ತಾಗಿ ಡಯಾಲಿಸಿಸ್ ಮಾಡಿ ಬಡಿತವನ್ನು ಸರಿದಾರಿಗೆ ತಂದರು.

ಬುಧವಾರ ಡಯಾಲಿಸಿಸ್‌ಗೆ ಮುಂಚಿನ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಮತ್ತೆ ಏರಿತ್ತು. ಆ ವಾರ್ಡಿನ ಡಯಟಿಷಿಯನ್ ನನಗೆ ಫೋನ್ ಮಾಡಿದರು. ಆಸ್ಟ್ರೇಲಿಯಾದವರೇ, ಚಿಕ್ಕ ವಯಸ್ಸು, ನಿಧಾನವಾಗಿ ಯೋಚಿಸಿ ಮಾತಾಡುವವರು. ರೋಗಿಯ ಹೆಂಡತಿ ನಂಬರ್ ಕೊಟ್ಟಿದ್ದರಂತೆ. ಅವರ ಸಮಸ್ಯೆ ಇದು: ಆಹಾರದ ಪಟ್ಟಿಯ ಪ್ರಕಾರ ರೋಗಿ ಬಹುತೇಕ ಏನೂ ತಿನ್ನುತ್ತಿಲ್ಲ, ಟ್ರೇ ಹಾಗೆಯೇ ವಾಪಸು ಹೋಗುತ್ತಿದೆ, ಆದರೂ ಪೊಟ್ಯಾಸಿಯಂ ಏರುತ್ತಿದೆ. ಜ್ವರದಿಂದಲೂ ಸೋಂಕಿನಿಂದಲೂ ಏರಬಹುದು, ಇಷ್ಟು ಏರಬಾರದು. ಮನೆಯಿಂದ ಏನೋ ಬರುತ್ತಿದೆ, ಪರದೆ ಎಳೆದುಕೊಂಡು ತಿನ್ನಿಸುತ್ತಾರೆ. ಕೇಳಿದರೆ ಎಲ್ಲವೂ ಹೇಳಿದ ಹಾಗೇ ಮಾಡಿದ್ದು ಎನ್ನುತ್ತಾರೆ. ನಿಮ್ಮ ಭಾಷೆಯಲ್ಲಿ ಒಮ್ಮೆ ಕೇಳಿ ನೋಡುತ್ತೀರಾ?

ಆಸ್ಪತ್ರೆಯ ಪಟ್ಟಿಯಲ್ಲಿ ದಾಖಲಾಗುವುದು ಆಸ್ಪತ್ರೆಯ ಟ್ರೇ ಮಾತ್ರ. ಮನೆಯ ಡಬ್ಬಿಗೆ ಅದರಲ್ಲಿ ಕಾಲಮ್ಮೇ ಇಲ್ಲ. ನಾನು ಕೆಲಸ ಮಾಡುವ ಕಡೆಯೂ ಹಾಗೆಯೇ; ನಾನೂ ಅದನ್ನು ಯಾವತ್ತೂ ಪ್ರಶ್ನಿಸಿರಲಿಲ್ಲ.

ಅಂದು ಸಂಜೆ ಆಕೆಯ ಜೊತೆ ಐವತ್ತು ನಿಮಿಷ ಮಾತಾಡಿದೆ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲ. ಆಕೆ ನೋಟ್‌ಬುಕ್ ನೋಡಿ ಹೇಳಿದರು. ಬೆಳಿಗ್ಗೆ ಒಂದು ಇಡ್ಲಿ, ಅದೂ ಅರ್ಧ ಬಿಟ್ಟರು. ಮಧ್ಯಾಹ್ನ ಎರಡು ತುತ್ತು ಅನ್ನ, ಸಾರು. ಸಂಜೆ ಸಾರು. ರಾತ್ರಿ ಅನ್ನ ಹಿಸುಕಿ ಸಾರು.

"ಸಾರು ಹೆಂಗಿರ್ತದ್ರಿ? ಬ್ಯಾಳಿ ಭಾಳ ಹಾಕ್ತೀರೇನು?"

"ಇಲ್ಲ ಮೇಡಂ, ತೆಳ್ಳಗೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಖಾರ ಮುಂದಾಗಿ. ಶೀತ ಅಲ್ವಾ. ಅದೊಂದೇ ಅವರಿಗೆ ಗಂಟಲಲ್ಲಿ ಇಳಿಯೋದು."

ನನ್ನ ಹಾಳೆಯಲ್ಲಿ "ತಿಳಿಸಾರು, ಮೆಣಸು" ಎಂದು ಬರೆದು ಪೊಟ್ಯಾಸಿಯಂ ಎದುರು ಅಡ್ಡಗೆರೆ ಎಳೆದೆ. ಎಷ್ಟು ತೆಳು ಎಂದು ಕೇಳಿದ ನಾನು ಯಾವ ನೀರು ಎಂದು ಕೇಳಲಿಲ್ಲ. ವಾರ್ಡಿಗೆ ಇಮೇಲ್ ಕಳಿಸಿದೆ: ಆಹಾರದಲ್ಲಿ ಮೂಲ ಕಾಣುತ್ತಿಲ್ಲ, ಬೇರೆ ಕಾರಣ ಹುಡುಕಿ.

ಆ ಇಮೇಲಿನ ಮೇಲೆ ಎರಡು ದಿನ ವೈದ್ಯರು ಔಷಧಿಗಳನ್ನು ಬದಲಾಯಿಸಿದರು, ಎಲ್ಲಾದರೂ ಒಳಗೆ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಿದರು. ಶುಕ್ರವಾರದ ರಕ್ತದಲ್ಲಿ ಮತ್ತೆ ಏರಿಕೆ. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಬುಡದಲ್ಲಿ ಬಿಳಿ ಛಾಯೆ.

ಶನಿವಾರ ಬೆಳಿಗ್ಗೆ ಮೆಲ್ಬರ್ನಿಗೆ ಹೋದೆ. ಯಾರೂ ಕರೆದಿರಲಿಲ್ಲ. ಫೋನಿನಲ್ಲಿ ಸಿಗದಿದ್ದು ಅಡುಗೆಮನೆಯಲ್ಲಿ ಸಿಗಬಹುದು ಎನ್ನಿಸಿತ್ತು. ವೆರಿಬೀ ಪಕ್ಕದ ವಿಂಡಮ್ ವೇಲ್‌ನ ಹೊಸ ಮನೆಗಳ ಸಾಲಿನಲ್ಲಿ ಅವರದೊಂದು. ಮುಂದಿನ ಅಂಗಳಕ್ಕೆ ಇನ್ನೂ ಹುಲ್ಲು ಹಾಸಿರಲಿಲ್ಲ. ಆಕೆ ಮೂರು ದಿನದಿಂದ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ದಿನಾ ಹೆಂಗ ಮಾಡ್ತೀರೋ ಹಂಗ ಮಾಡ್ರಿ. ನಾ ಸುಮ್ನ ನಿಂತು ನೋಡ್ತೀನಿ."

"ಎಕ್ಸಾಮ್ ಥರ ಆಯ್ತು ಮೇಡಂ," ಎಂದು ಸಣ್ಣಗೆ ನಕ್ಕರು.

ದಂಟಿನ ಸೊಪ್ಪು ಎರಡು ಕಟ್ಟು. ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಿದರು. ಒಲೆಯ ಮೇಲೆ ದೊಡ್ಡ ಪಾತ್ರೆ, ತುಂಬ ನೀರು, ಅದರಲ್ಲಿ ಒಂದು ಹಿಡಿ ತೊಗರಿಬೇಳೆ ಆಗಲೇ ಅರೆಬೆಂದಿತ್ತು. ಸೊಪ್ಪು ಹಾಕಿ ಹನ್ನೆರಡು ನಿಮಿಷ ಕುದಿಸಿದರು. ನಾನು ಗಡಿಯಾರ ನೋಡುತ್ತಿದ್ದೆ. ನಾನು ಹೇಳಿದ ಮೊದಲೆರಡು ಹಂತ. ಎಲ್ಲವೂ ಸರಿ.

ಆಮೇಲೆ ಆಕೆ ಒಂದು ಅಗಲ ಬಾಯಿಯ ಸ್ಟೀಲ್ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಜಾಲರಿ ಇಟ್ಟು, ಬೆಂದದ್ದನ್ನು ಅದಕ್ಕೆ ಸುರಿದರು. ಕೆಂಪುಹಸಿರು ನೀರು ಕೆಳಗಿನ ಪಾತ್ರೆಗೆ ಇಳಿಯಿತು. ಜಾಲರಿಯನ್ನು ಎರಡು ಸಲ ಕುಟ್ಟಿ, ಉಳಿದ ಹನಿಯನ್ನೂ ಇಳಿಸಿ, ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ಪಾತ್ರೆಗೆ ಮುಚ್ಚಳ ಹಾಕಿದರು.

"ಆ ನೀರು ಯಾಕ?" ಎಂದೆ. ಉತ್ತರ ಆಗಲೇ ಗೊತ್ತಿತ್ತು.

"ಬಸ್ಸಾರಿಗೆ ಮೇಡಂ. ಸತ್ವ ಎಲ್ಲ ಇದರಲ್ಲೇ ಅಲ್ವಾ. ಪಲ್ಯ ನಾನೇ ತಿಂತೀನಿ, ಅವರಿಗೆ ಎರಡು ಚಮಚ. ಇದನ್ನ ಫ್ಲಾಸ್ಕಲ್ಲಿ ತಗೊಂಡ್ ಹೋಗ್ತೀನಿ."

"ಯಾವಾಗಿಂದ?"

"ನೀವು ಹೇಳಿದಾಗಿಂದ. ಮೊದಲು ಸೊಪ್ಪೇ ಮಾಡ್ತಿರ್ಲಿಲ್ಲ ನಾನು, ಹೆದರ್ಕೊಂಡು."

ಧಾರವಾಡದ ನಮ್ಮ ಮನೆಯಲ್ಲಿ ಸೊಪ್ಪನ್ನು ಬಸಿಯುವ ರೂಢಿ ಇಲ್ಲ. ಬೇಳೆ ಹಾಕಿ ಪಲ್ಯ ಮಾಡುತ್ತೇವೆ, ನೀರು ಅದರಲ್ಲೇ ಇಂಗುತ್ತದೆ. ನನ್ನ ಪಾಲಿಗೆ ಬಸಿಯುವುದು ಎಂದರೆ ಕಾಲೇಜಿನಲ್ಲಿ ಕಲಿತ ಕೆಲಸ, ನೀರು ಸಿಂಕಿಗೆ ಹೋಗುವ ಕೆಲಸ. ಮಂಡ್ಯ ಮೈಸೂರು ಕಡೆ ಬಸಿಯುವುದೇ ಸಾರಿಗಾಗಿ. ಸೊಪ್ಪು ಕಾಳು ಬೆಂದ ನೀರನ್ನು ಚೆಲ್ಲುವ ಹೆಂಗಸನ್ನು ಆ ಕಡೆ ಯಾರೂ ನೋಡಿರಲಿಕ್ಕಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆಯುವಂತಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಬಸ್ಸಾರು ಮುದ್ದೆ ಉಂಡಿದ್ದೇನೆ. ಅದನ್ನು ಹೇಗೆ ಮಾಡುತ್ತಾರೆಂದು ಅಡುಗೆಯವರನ್ನು ಕೇಳಿ ತಿಳಿದುಕೊಂಡವಳು ನಾನು. ಏಪ್ರಿಲಿನ ಆ ಶನಿವಾರ ವೆರಿಬೀಯಲ್ಲಿ, ಮಂಡ್ಯದವರ ಎದುರು ನಿಂತು, ಅದು ನೆನಪಿಗೆ ಬರಲಿಲ್ಲ.

ನೀರಿಗಿಳಿದ ಪೊಟ್ಯಾಸಿಯಂ ಅಷ್ಟನ್ನೂ ಆ ಮನುಷ್ಯ ಏಳು ವಾರ ಕುಡಿದಿದ್ದರು. ಜ್ವರ ಬಂದ ಮೇಲೆ ದಿನಕ್ಕೆ ಮೂರು ಸಲ.

ಆಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಆಕೆಗೆ "ಇವತ್ತೊಂದು ದಿನ ಸಾರು ಒಯ್ಯಬ್ಯಾಡ್ರಿ, ರಕ್ತದಾಗ ಪೊಟ್ಯಾಸಿಯಂ ಭಾಳ ಐತಿ, ಬರೀ ಮೊಸರನ್ನ ಸ್ವಲ್ಪ ಒಯ್ರಿ" ಎಂದೆ. ಆಕೆ ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಗೆ ಬಂದು, ಮಣ್ಣಿನ ಅಂಗಳದಲ್ಲಿ ನಿಂತು, ವಾರ್ಡಿಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದ ನರ್ಸ್ ಬರೆದುಕೊಂಡರು. ನಾನು ಹೇಳಿದ್ದು: ಮನೆಯವರು ಸೊಪ್ಪು ಬೇಯಿಸಿದ ನೀರನ್ನೇ ಸಾರು ಮಾಡಿ ಫ್ಲಾಸ್ಕಿನಲ್ಲಿ ತರುತ್ತಿದ್ದಾರೆ, ಪೊಟ್ಯಾಸಿಯಂ ಅಲ್ಲಿಂದ ಬರುತ್ತಿದೆ, ನಿಲ್ಲಿಸಬೇಕು.

ಇದರಲ್ಲೂ ತಪ್ಪು ಪದ ಒಂದೂ ಇಲ್ಲ. ಬಸಿಯಲು ಹೇಳಿದವಳು ನಾನು, ಚೆಲ್ಲಲು ಹೇಳದವಳೂ ನಾನು, ಎನ್ನುವುದು ಮಾತ್ರ ಇಲ್ಲ. ಹೇಳಬಾರದು ಎಂದು ತೀರ್ಮಾನಿಸಿ ಬಿಟ್ಟದ್ದಲ್ಲ. ನರ್ಸ್ "ಬೇರೆ ಏನಾದರೂ ಇದೆಯೇ" ಎಂದು ಕೇಳಿದರು. ಇಲ್ಲ ಎಂದೆ.

ಭಾನುವಾರ ಸಿಡ್ನಿಗೆ ಮರಳಿದೆ. ಆಕೆಗೆ ಫೋನಿನಲ್ಲಿ ನಿಧಾನವಾಗಿ ಎಲ್ಲ ವಿವರಿಸುತ್ತೇನೆ ಎಂದುಕೊಂಡಿದ್ದೆ.

ಸೋಮವಾರ ನನಗಿಂತ ಮುಂಚೆ ವಾರ್ಡಿನ ಡಯಟಿಷಿಯನ್ ಆಕೆಯ ಜೊತೆ ಕೂತು ಮಾತಾಡಿದ್ದರು. ಗದರಲಿಲ್ಲವಂತೆ, ಚಿತ್ರ ಬರೆದು ತೋರಿಸಿದರಂತೆ, ಎಲೆಯಿಂದ ನೀರಿಗೆ ಬಾಣದ ಗುರುತು, ನೀರಿನಿಂದ ಹೃದಯಕ್ಕೆ ಬಾಣದ ಗುರುತು. ಮಂಚದ ತಲೆಯ ಹತ್ತಿರ ಒಂದು ಕಾಗದ ಅಂಟಿಸಿದರು: ಮನೆಯ ಆಹಾರ ತೋರಿಸದೆ ಕೊಡಬಾರದು. ಆಕೆ ಅಂದು ಸಂಜೆ ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು.

"ನಿಮಗೆ ಶನಿವಾರಾನೇ ಗೊತ್ತಾಗಿತ್ತಾ ಮೇಡಂ?"

"ಗೊತ್ತಾಗಿತ್ತು."

ಫೋನ್ ಇಟ್ಟರು.

ಪೊಟ್ಯಾಸಿಯಂ ಇಳಿಯಿತು. ಬುಧವಾರದ ಹೊತ್ತಿಗೆ ಮಿತಿಯೊಳಗೆ ಬಂತು. ಆದರೆ ಶ್ವಾಸಕೋಶ ಬಿಟ್ಟುಕೊಡುತ್ತಿತ್ತು. ಫ್ಲೂ ನ್ಯುಮೋನಿಯಾ ಆಗಿ ಬಲಗಡೆಗೂ ಹಬ್ಬಿತ್ತು. ಐಸಿಯುಗೆ ಹೋಗುವ ಮುಂಚಿನ ಎರಡು ದಿನ ಅವರು ಹೆಂಡತಿಯನ್ನು ಕೇಳುತ್ತಿದ್ದದ್ದು ಒಂದೇ, "ಒಂದ್ ಲೋಟ ಬಸ್ಸಾರು ತಾರೇ" ಎಂದು. ಆಕೆ ಕೊಡಲಿಲ್ಲ. ಆ ವಾರದ ಶನಿವಾರ ಮಧ್ಯಾಹ್ನ ಅವರು ತೀರಿಕೊಂಡರು.

ವೈದ್ಯರು ಮರಣದ ಕಾರಣ ಇನ್‌ಫ್ಲುಯೆಂಜಾ ನ್ಯುಮೋನಿಯಾ ಎಂದು ಬರೆದರು. ವಾರ್ಡಿನ ಡಯಟಿಷಿಯನ್ ಮೂಲಕ ನಾನು ವೈದ್ಯರಿಗೆ ಪ್ರಶ್ನೆ ಕಳಿಸಿದೆ. ಮೊದಲ ಸೋಮವಾರ ಹೃದಯಕ್ಕೆ ಆ ಪೆಟ್ಟು ಬೀಳದಿದ್ದರೆ ಅವರು ನ್ಯುಮೋನಿಯಾವನ್ನು ತಡೆದುಕೊಳ್ಳುತ್ತಿದ್ದರೇ? ಹೇಳಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಅದು ಪ್ರಾಮಾಣಿಕ ಉತ್ತರ. ನಾನು ಆ ಸ್ಥಾನದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ನನ್ನ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ವರದಿ ಬರೆದುಕೊಡು, ಆ ರೋಗಿ ನಮ್ಮವರಲ್ಲದ ಕಾರಣ ಕಾನೂನು ವಿಭಾಗದ ಸಲಹೆ ಬರುವ ತನಕ ಕುಟುಂಬವನ್ನು ಸಂಪರ್ಕಿಸಬೇಡ ಎಂದರು. ಅದೂ ಸರಿಯಾದ ಮಾತೇ. ಬರೆದುಕೊಟ್ಟೆ. ವಾರ್ಡುಗಳಿಗೆ ಹೋಗಿ ಜನರಿಗೆ ಏನು ತಿನ್ನಬೇಕೆಂದು ಹೇಳುವ ಕೆಲಸ ನಡೆದೇ ಇತ್ತು. ಒಬ್ಬ ಲೆಬನಾನಿನ ಅಜ್ಜಿಗೆ ಬೀನ್ಸ್ ಬೇಯಿಸುವ ಬಗೆ ಹೇಳುತ್ತ, ನೀರನ್ನು ಚೆಲ್ಲಬೇಕು ಎಂದು ಮೂರು ಸಲ ಹೇಳಿದೆನಂತೆ. ಆಕೆಯ ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಅವರು ತೀರಿಕೊಂಡ ಒಂಬತ್ತನೆಯ ದಿನ, ವೆರಿಬೀಯ ಕಾರ್ಯಕ್ರಮ ಏರ್ಪಡಿಸಿದ್ದ ಮಹಿಳೆ ಫೋನ್ ಮಾಡಿದರು. ತೀರಿಕೊಂಡವರ ಹೆಂಡತಿ ಅಡುಗೆಮನೆಗೇ ಹೋಗುತ್ತಿಲ್ಲವಂತೆ. ಯಾರಾದರೂ ತಂದಿಟ್ಟರೆ ಎರಡು ತುತ್ತು. ಬಂದವರಿಗೆಲ್ಲ ಅದನ್ನೇ ಹೇಳುತ್ತಾರಂತೆ, ನಾನೇ ಕೈಯಾರೆ ಕುಡಿಸಿದೆ ಎಂದು. "ಇಲ್ಲಮ್ಮ, ವೈರಸ್ ಅಂತ ಡಾಕ್ಟರೇ ಹೇಳಿದ್ದಾರಲ್ಲ ಅಂತ ನಾವೆಲ್ಲ ಹೇಳಿ ಸಾಕಾಯ್ತು," ಎಂದರು. "ನಿಮ್ಮ ಮಾತು ಕೇಳಬಹುದು. ನೀವು ಎಕ್ಸ್‌ಪರ್ಟ್ ಅಲ್ವಾ."

ಸಲಹೆಗೆ ಕಾಯದೆ ಮರುದಿನ ರಜೆ ಹಾಕಿ ಹೋದೆ. ಸಂಪರ್ಕಿಸಬೇಡ ಎಂದದ್ದನ್ನು ಮೀರುತ್ತಿದ್ದೇನೆ ಎಂದು ಮೇಲಧಿಕಾರಿಗೆ ವಿಮಾನ ಹತ್ತುವ ಮುಂಚೆ ಬರೆದೆ. ನನ್ನ ವೃತ್ತಿಯ ಮಾನ್ಯತೆಗೆ ಏನಾದರೂ ಆಗಬಹುದು ಎಂಬ ಯೋಚನೆ ಇತ್ತು. ಅದಕ್ಕಿಂತ, ಇಷ್ಟು ದಿನ ಆಕೆ ಒಬ್ಬರೇ ಆ ಮಾತನ್ನು ಹೇಳುತ್ತಿರುವುದು ನನ್ನ ಕಾರಣಕ್ಕೆ ಎಂಬುದು ಸಹಿಸಲಾಗದ ವಿಷಯವಾಗಿತ್ತು.

ಆಕೆ ಬಾಗಿಲು ತೆರೆದರು. ಬೈಯಲಿಲ್ಲ, ಒಳಗೆ ಬನ್ನಿ ಎಂದೂ ಅನ್ನದೆ ಹೋಗಿ ಕೂತರು. ಸೋಫಾದ ಮೇಲೆ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ ಇನ್ನೂ ಗಂಟು ಬಿಚ್ಚದೆ ಇತ್ತು. ನಾನು ನಿಂತುಕೊಂಡೇ ಹೇಳಿದೆ. ನೀರನ್ನು ಚೆಲ್ಲಬೇಕೆಂದು ನಾನು ಹೇಳಲಿಲ್ಲ. ಬಸಿಯುವುದು ಯಾಕೆಂದೂ ಹೇಳಲಿಲ್ಲ. ಬಸ್ಸಾರು ನನಗೆ ಗೊತ್ತಿದ್ದ ಅಡುಗೆ. ಮೇ ತಿಂಗಳಲ್ಲಿ ಕೇಳಿದಾಗ ಹಿಡಿಯಬಹುದಿತ್ತು, ಹಿಡಿಯಲಿಲ್ಲ, ನಿಮ್ಮ ಗಂಡನ ಮೇಲೆ ಅನುಮಾನ ಪಟ್ಟೆ. ಬುಧವಾರದ ಫೋನಿನಲ್ಲಿ ಹಿಡಿಯಬಹುದಿತ್ತು. ಶನಿವಾರ ಗೊತ್ತಾದ ಮೇಲೂ ವಾರ್ಡಿಗೆ ನಿಮ್ಮ ಕೈಯನ್ನು ತೋರಿಸಿದೆ, ನನ್ನ ಬಾಯನ್ನು ತೋರಿಸಲಿಲ್ಲ.

ಆಕೆ ಪೂರ್ತಿ ಕೇಳಿದರು.

"ಚೆಲ್ಲಿದ್ರೆ ಉಳೀತಿದ್ರಾ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂತ ಹೇಳಕ್ಕೆ ಸಿಡ್ನಿಯಿಂದ ಬಂದ್ರಾ?"

ಆಕೆ ಫೋನ್ ತೆಗೆದು ಯಾರಿಗೋ ಮಾಡಿದರು. ಅತ್ತ ಕಡೆ ಎತ್ತಿದಾಗ ನನ್ನ ಕಡೆ ಚಾಚಿದರು.

"ನಮ್ಮತ್ತೆ. ಅವರ ತಾಯಿ. ಇದೇ ಮಾತು ಅವರಿಗೂ ಹೇಳಿ. ದಿನಾ ಫೋನ್ ಮಾಡಿ, ಮಗನಿಗೆ ಏನ್ ಉಣ್ಣಿಸ್ದೆ, ಏನ್ ಉಣ್ಣಿಸ್ದೆ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ?"

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಬೇಕೂ ಇರಲಿಲ್ಲ. ನಾನು ಯಾರೆಂದು ಹೇಳಿದೆ. ಆದಷ್ಟು ಸರಳವಾಗಿ ಹೇಳಿದೆ. ಸೊಪ್ಪು ಬೇಯಿಸಿದ ನೀರು ನಿಮ್ಮ ಮಗನಿಗೆ ಆಗುತ್ತಿರಲಿಲ್ಲ, ಅದನ್ನು ಚೆಲ್ಲಬೇಕೆಂದು ಹೇಳುವುದು ನನ್ನ ಕೆಲಸವಾಗಿತ್ತು, ನಾನು ಹೇಳಲಿಲ್ಲ, ನಿಮ್ಮ ಸೊಸೆಯದು ಇದರಲ್ಲಿ ತಪ್ಪಿಲ್ಲ.

"ಬೆಂದ ನೀರ ಚೆಲ್ಬೇಕಿತ್ತಾ?" ಎಂದಿತು ಮುದಿದನಿ. "ಅದ ಯಾರ್ ಚೆಲ್ತಾರವ್ವ?"

ಅವರೇ ಮುಂದುವರಿಸಿದರು.

"ನಾನೇ ಕನವ್ವ ದಿನಾ ಹೇಳ್ತಿದ್ದೋಳು. ಮೆಣ್ಸು ಬೆಳ್ಳುಳ್ಳಿ ಮುಂದಾಗಿ ಹಾಕು, ಬಸ್ಸಾರ್ ಮಾಡಿ ಕುಡ್ಸು, ಮೈಗೆ ಕಸುವು ಬತ್ತದೆ, ಜ್ವರ ಬುಡ್ತದೆ ಅಂತ. ಅದು ಒಂದ್ ದಿನ ಸಾಕು ಅತ್ತೆ ಅಂದ್ರೂ ನಾನೇ ಕೇಳ್ನಿಲ್ಲ. ನಾನೇ ಕನವ್ವ."

ಒಬ್ಬರ ಮೇಲಿನ ಭಾರ ಇಳಿಸಲು ಬಂದಿದ್ದೆ. ಅದು ಇಳಿಯಲಿಲ್ಲ, ಏನೂ ಗೊತ್ತಿಲ್ಲದೆ ಇದ್ದ ಇನ್ನೊಬ್ಬರ ಮೇಲೂ ಏರಿತು.

ಆಕೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅತ್ತೆ, ಇಲ್ಲಿ ಕೇಳಿ. ಇವರು ಹೇಳ್ಲಿಲ್ಲ, ನಾನು ಚೆಲ್ಲಿಲ್ಲ. ನಿಮ್ದೇನಿಲ್ಲ. ಕೇಳ್ತಿದೀರಾ? ನಿಮ್ದೇನಿಲ್ಲ."

ಅತ್ತ ಕಡೆಯಿಂದ ನಾನೇ, ನಾನೇ ಎನ್ನುವುದು ನಿಲ್ಲಲಿಲ್ಲ. ಆಕೆ ಎದ್ದು ಗೋಡೆಗೆ ಒರಗಿ ನಿಂತು ಅದೇ ಮಾತನ್ನು ಮತ್ತೆ ಹೇಳಿದರು, ಮತ್ತೆ ಹೇಳಿದರು. ಕೊನೆಕೊನೆಗೆ ನನ್ನ ತಪ್ಪೂ ಆಕೆಯ ತಪ್ಪೂ ಆ ಮಾತಿನಿಂದ ಬಿದ್ದುಹೋಗಿ, "ನಿಮ್ದೇನಿಲ್ಲ ಅತ್ತೆ" ಎಂಬುದಷ್ಟೇ ಉಳಿಯಿತು. ಅತ್ತೆ ಒಪ್ಪಲಿಲ್ಲ.